ನಿಮಗಿದು ಗೊತ್ತೆ? ಅಭಿರುಚಿಯೇ ವ್ಯಾಕರಣವಾದ ಕಥೆ
ಎಣಿಸತಕ್ಕ ವಸ್ತುಗಳಿಗೆ ‘ಫ್ಯೂಅರ್’ ಎಂದೂ, ಹಾಲು ನೀರುಗಳಂತೆ ಅಳೆಯತಕ್ಕವಕ್ಕೆ ‘ಲೆಸ್’ ಎಂದೂ ಪ್ರಯೋಗಿಸಬೇಕೆಂದು ಪಂಡಿತರು ಬೆತ್ತ ಹಿಡಿದು ಕಲಿಸಿದ ಆಂಗ್ಲ ವ್ಯಾಕರಣದ ವಿಧಿಯು, 1770ರಲ್ಲಿ ರಾಬರ್ಟ್ ಬೇಕರ್ ಎಂಬಾತನು ‘ನೂರಕ್ಕೆ ಕಡಿಮೆಯಿಲ್ಲ’ ಎನ್ನುವಲ್ಲಿ ‘ಫ್ಯೂಅರ್’ ಎಂಬುದೇ ತನಗೆ ಸೊಗಸಾಗಿಯೂ ಸಮಂಜಸವಾಗಿಯೂ ತೋರುವುದೆಂದು ವಿನಯದಿಂದಲೇ ಬರೆದಿಟ್ಟ ಸ್ವಂತ ಅಭಿರುಚಿಯಿಂದ ಹೊರಟಿತೆಂದರೆ ಯಾರಿಗಾದರೂ ಸೋಜಿಗವಾದೀತು.

ಅದಕ್ಕೆ ಸುಮಾರು ಒಂಬತ್ತು ಶತಮಾನಗಳಷ್ಟು ಮುಂಚೆಯೇ ಆಲ್ಫ್ರೆಡ್ ದೊರೆಯು ‘ಲೆಸ್’ ಎಂಬುದರ ಪೂರ್ವರೂಪವನ್ನು ಎಣಿಕೆಗೆ ಸಿಗುವ ಮಾತುಗಳಿಗೇ ಬಳಸಿದ್ದನು. ಆ ಕಾಲದ ಆಂಗ್ಲದಲ್ಲಿ ಅದರ ಮುಂದಣ ನಾಮಪದವು ನಮ್ಮ ಷಷ್ಠೀ ವಿಭಕ್ತಿಯಂತಹ ರೂಪದಲ್ಲಿ ನಿಲ್ಲುತ್ತಿದ್ದು, ಕಾಲಕ್ರಮದಲ್ಲಿ ಆ ಪ್ರತ್ಯಯವು ಸವೆದುಹೋಗಲಾಗಿ, ಬರಿಯ ಬಹುವಚನವಷ್ಟೇ ‘ಲೆಸ್’ನ ಬಳಿ ಉಳಿದುಕೊಂಡಿತು.

ವಿಧಿಯನ್ನು ಬಿಗಿಯಾಗಿ ಹಿಡಿದವರೂ ದೂರ, ಕಾಲ, ಹಣಗಳ ವಿಷಯದಲ್ಲಿ ಮಾತ್ರ, ಮೈಲಿಗಳನ್ನೂ ಪೌಂಡುಗಳನ್ನೂ ಧಾರಾಳವಾಗಿ ಎಣಿಸಬಹುದಾದರೂ, ‘ಲೆಸ್’ ಎಂದೇ ಬರೆಯುತ್ತಾರೆ. ಪಂಡಿತರ ಈ ಔದಾರ್ಯಕ್ಕೆ ಕಾರಣ ಕೇಳಬಾರದು!

ಬ್ರಿಟನ್ನಿನ ಟೆಸ್ಕೊ ಅಂಗಡಿಗಳಲ್ಲಿ ಹಣ ಕಟ್ಟುವ ಶೀಘ್ರಸಾಲಿನ ಮೇಲೆ ತೂಗುತ್ತಿದ್ದ ‘ಲೆಸ್’ ಫಲಕವನ್ನು ಕುರಿತು ಆಕ್ಷೇಪಣೆಗಳೆದ್ದಾಗ, ಮಾಲೀಕರು 2008ರಲ್ಲಿ ಎರಡು ಶಬ್ದಗಳ ಗೊಡವೆಯನ್ನೂ ತೊರೆದು, ‘ಹತ್ತು ಪದಾರ್ಥಗಳವರೆಗೆ’ ಎಂದು ಬರೆಯಿಸಿ ಪಾರಾದರು.