ಕುಬ್ಜ ಮರಗಳೂ ನಮ್ಮ ಚೀಲದ ಸಸಿಗಳೂ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನದ ಸುಮಾರಿಗೆ ಫಲಪುಷ್ಪ ಪ್ರದರ್ಶನ ನಡೆಯುವುದು ಬೆಳೆಗಾರ ಬಾಂಧವರಿಗೆ ತಿಳಿದದ್ದೇ. ಎರಡೂ ನಮಗೆ ಅನುಕೂಲದ ಕಾಲವಲ್ಲ. ಜನವರಿಯೆಂದರೆ ಕಾಫಿ ಕೊಯ್ಲು. ಆಗಸ್ಟೆಂದರೆ ಅಡಿಕೆಗೆ ಎರಡನೇ ಸಲದ ಬೋರ್ಡೋ ಸಿಂಪರಣೆ. ಆದರೂ ಬಿಡುವು ಮಾಡಿಕೊಂಡು ಹೋದವರು ಗಾಜಿನ ಮನೆಯ ಹೂವಿನ ರಾಶಿಯನ್ನಷ್ಟೇ ನೋಡಿ ಹಿಂದಿರುಗಬಾರದು. 1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನ ಕಲಾ ಸಂಘವು ಈ ಸಂದರ್ಭದಲ್ಲಿ ಏರ್ಪಡಿಸುವ ಸ್ಪರ್ಧೆಗಳಲ್ಲಿ ಬೋನ್ಸಾಯ್, ಅಂದರೆ ಕುಬ್ಜ ಮರಗಳ ವಿಭಾಗವೂ ಇರುತ್ತದೆ. ಆಗ ಬಿಡುವಾಗದವರು ಮೈಸೂರಿನ ದತ್ತಪೀಠದ ಬೋನ್ಸಾಯ್ ವನವನ್ನಾದರೂ ನೋಡಬಹುದು.

ಗೇಣುದ್ದದ ಆಲ, ಬಿಳಲು ಸಮೇತ! ಗಿಡವನ್ನು ಉಪವಾಸ ಕೆಡವಿ ಕುಳ್ಳಗಾಗಿಸುತ್ತಾರೆಂದು ಹಲವರ ಭಾವನೆ. ಹಾಗಲ್ಲ. ಕಲಬುರಗಿಯಂಥ ಬಿಸಿಲುನಾಡಿನ ಹಳೆಯ ಕಲ್ಲುಗೋಡೆಗಳ ಬಿರುಕಿನಲ್ಲಿ ಕುಗ್ಗಿ ನಿಲ್ಲುವ ಅರಳಿಗೆ ಆಗುವುದು ಉಪವಾಸ. ತಟ್ಟೆಯ ಮರಕ್ಕಾದರೋ ನೀರು, ಗೊಬ್ಬರ ತಪ್ಪುವುದಿಲ್ಲ. ಚಿಗುರು ಚಿವುಟುತ್ತಾರೆ, ತಂತಿ ಸುತ್ತಿ ಕೊಂಬೆ ಬಾಗಿಸುತ್ತಾರೆ; ಎರಡು ಮೂರು ವರ್ಷಕ್ಕೊಮ್ಮೆ ಹೊರತೆಗೆದು ಬೇರು ಸವರಿ, ಹೊಸ ಮಣ್ಣು ಹಾಕಿ ಮತ್ತೆ ನೆಡುತ್ತಾರೆ. ಆದ್ದರಿಂದಲೇ ಅದು ಬದುಕುತ್ತದೆ. 1625ರಿಂದ ತಟ್ಟೆಯಲ್ಲಿರುವ ಜಪಾನಿನ ಒಂದು ಪೈನ್ ಮರ 1945ರಲ್ಲಿ ಹಿರೋಷಿಮಾದ ಅಣುಬಾಂಬಿಗೂ ಸಾಯದೆ ಉಳಿದು, 1976ರಲ್ಲಿ ಅಮೆರಿಕೆಗೆ ಕೊಡುಗೆಯಾಗಿ ಹೋಗಿ, ಇಂದಿಗೂ ವಾಷಿಂಗ್ಟನ್ನಿನಲ್ಲಿದೆ.

ಅಡಿಕೆಯನ್ನು ಹೀಗೆ ಮಾಡಲಾಗದೆ ಎಂದು ಕೇಳುವವರಿದ್ದಾರೆ. ಆಗದು. ಅದಕ್ಕಿರುವುದು ಒಂದೇ ಸುಳಿ. ಚಿವುಟಿದರೆ ಮರವೇ ಹೋಯಿತು. ಸುಳಿ ಕೊಳೆರೋಗ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾಫಿಯಾದರೆ ಸೈ. ತಲೆ ಮುರಿದು, ಚಿಗುರು ತೆಗೆದು ಅದನ್ನು ಆಳೆತ್ತರದೊಳಗೆ ನಿಲ್ಲಿಸುವ ನಾವು ಅರ್ಧ ಬೋನ್ಸಾಯ್ ಕೆಲಸವನ್ನು ಮಾಡಿಯೇ ಮಾಡುತ್ತೇವೆ.

ಉಳಿದರ್ಧ ಬೇರಿನದು. ಇಲ್ಲಿಯೇ ನಮ್ಮವರು ಉದಾಸೀನರು. ಕಳೆದ ವರ್ಷ ಮಾರಾಟವಾಗದೆ ಅದೇ ಚಿಕ್ಕ ಪಾಲಿಥಿನ್ ಚೀಲದಲ್ಲಿ ಉಳಿದ ಸಸಿ ಅಗ್ಗಕ್ಕೆ ಸಿಗುತ್ತದೆಂದು ಜೀಪು ತುಂಬಿಸಿ ತರುತ್ತಾರೆ. ನೋಡಲು ಕಾಂಡ ದಪ್ಪ, ಎಲೆ ಹಸಿರು. ಒಳಗೆ ತಾಯಿಬೇರು ಚೀಲದ ತಳ ಮುಟ್ಟಿ, ಹಾವಿನಂತೆ ಸುರುಳಿ ಸುತ್ತಿರುತ್ತದೆ. ಹಾಗೆಯೇ ನೆಟ್ಟರೆ ಆ ಸುರುಳಿ ಬಿಚ್ಚಿಕೊಳ್ಳದು. ಬೇರು ಆಳಕ್ಕಿಳಿಯದೆ ಗಿಡ ಬೇಸಿಗೆಯಲ್ಲಿ ಬಾಡುತ್ತದೆ, ಬದುಕಿದರೂ ಏಳುವುದಿಲ್ಲ. ಬೋನ್ಸಾಯಿಗೆ ಬೇರು ಬಿಡಿಸುವ ಕೈಯಾದರೂ ಇದೆ, ಇದಕ್ಕೆ ಅದೂ ಇಲ್ಲ.

ಮಳೆಗಾಲದ ನಾಟಿಗೆ ಸಸಿ ಕೊಳ್ಳುವ ಸದಸ್ಯರು ನರ್ಸರಿಯಲ್ಲಿ ಒಂದೆರಡು ಸಸಿಗಳ ಬೆಲೆ ಕೊಟ್ಟು, ಚೀಲ ಸೀಳಿ, ಮಣ್ಣು ತೊಳೆದು ಬೇರು ನೋಡಬೇಕು. ಬೇರು ದಪ್ಪಗಾಗಿ ಗಂಟುಗಟ್ಟಿದ್ದರೆ ಆ ಸಾಲಿನ ಸಸಿಯೇ ಬೇಡ. ತುದಿಯಷ್ಟೇ ಸುತ್ತಿದ್ದರೆ, ನೆಡುವಾಗ ಹರಿತವಾದ ಕತ್ತಿಯಿಂದ ಚೀಲದ ತಳವನ್ನು ಸುರುಳಿ ಸಮೇತ ಕತ್ತರಿಸಿ, ಚೀಲವನ್ನು ಪೂರ್ತಿ ತೆಗೆದು ಗುಂಡಿಗಿಡಿ. ಈ ಕೆಲಸವನ್ನು ಆಳುಗಳಿಗೆ ಬಿಟ್ಟು ಮನೆಗೆ ಬರಬೇಡಿ. ಗುತ್ತಿಗೆ ನಾಟಿಯಲ್ಲಿ ಚೀಲ ಸಹಿತ ಮಣ್ಣು ಮುಚ್ಚಿದ್ದನ್ನೂ ನಾವು ಕಂಡಿದ್ದೇವೆ.