ಒಮ್ಮೊಮ್ಮೆ ನೆಲವೂ ಡೊಂಕಿರುತ್ತದೆ



‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನೀವು ಅಜ್ಜಿಯ ಬಾಯಲ್ಲೋ ಅಮ್ಮನ ಬಾಯಲ್ಲೋ ಕೇಳಿಯೇ ಇರುತ್ತೀರಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆದ ಕಾಚಿಗೂಡದ ಮಕ್ಕಳಿಗೂ ಈ ಗಾದೆಯಿಂದ ಬಿಡುಗಡೆಯಿಲ್ಲ. ಹೋದ ವರ್ಷ ನಾನೂ ಇದನ್ನು ನನ್ನ ಮಗನ ಮೇಲೆ ಪ್ರಯೋಗಿಸಿದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಆ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಅವನಿಗೆ ಏರ್ ರೈಫಲ್ ಹುಚ್ಚು. ಊರಾಚೆ ಗೆಳೆಯನ ತಂದೆಯ ತೋಟದಲ್ಲಿ, ಎತ್ತರದ ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿ ಕಟ್ಟಿ ಭಾನುವಾರ ಅಭ್ಯಾಸ ಮಾಡುತ್ತಾನೆ. ರಾಯಚೂರಿನಲ್ಲಿರುವ ಅವನ ಅಜ್ಜ, ಅಂದರೆ ನನ್ನ ತಂದೆ, ಹುಟ್ಟುಹಬ್ಬಕ್ಕೆ ಐದು ಸಾವಿರ ರೂಪಾಯಿ ಕೊಟ್ಟರು. ಇವನು ಮೊಬೈಲಿನಲ್ಲೇ ಹುಡುಕಿ, ಮೂರೂವರೆ ಸಾವಿರಕ್ಕೆ ರೈಫಲ್ ಮೇಲೆ ಕೂರಿಸುವ ಒಂದು ದುರ್ಬೀನು ತರಿಸಿದ. ಸ್ಕೋಪ್ ಎನ್ನುತ್ತಾರಲ್ಲ, ಅದು. ಉದ್ದನೆಯ ಕರಿ ಕೊಳವೆ, ಕೆಂಪಗೆ ಹೊಳೆಯುವ ಗಾಜು, ಒಳಗೆ ದೀಪ, ‘ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂಬ ಜಾಹೀರಾತು!

ಮೂರು ವಾರ ಕಳೆಯುವಷ್ಟರಲ್ಲಿ ಹುಡುಗನ ಮುಖ ಬಾಡಿತು. ‘ಅಮ್ಮಾ, ಒಂದು ಏಟು ಇಲ್ಲಿ ಬಿದ್ರ ಇನ್ನೊಂದು ಅಲ್ಲಿ ಬೀಳ್ತದ. ಸ್ಕೋಪೇ ಸರಿ ಇಲ್ಲ ಅನಸ್ತದ’ ಎಂದ. ನಾನು ಒಗ್ಗರಣೆ ಹಾಕುತ್ತಲೇ ಗಾದೆ ಹೇಳಿದೆ. ಅವನು ಮರುಮಾತಾಡದೆ ರೈಫಲನ್ನು ಕಪಾಟಿನ ಮೇಲಿಟ್ಟ. ಎರಡು ದಿನದ ಮೇಲೆ ಅಜ್ಜನಿಗೆ ಫೋನಿನಲ್ಲಿ, ‘ಬಿಟ್ಟುಬಿಟ್ಟೆ ಅಜ್ಜ, ನನ್ನ ಕೈಯೇ ಸರಿ ಇಲ್ಲ’ ಎನ್ನುತ್ತಿದ್ದುದು ಕೇಳಿಸಿತು. ಹೋದ ದುಡ್ಡಿಗಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮ ಓಣಿಯಲ್ಲಿ ನಿವೃತ್ತ ಸೈನಿಕರೊಬ್ಬರಿದ್ದಾರೆ. ಅವರ ಬಳಿ ದುಃಖ ತೋಡಿಕೊಂಡೆ. ‘ಬೆಹೆನ್‌ಜಿ, ಹುಡುಗನನ್ನು ಆಮೇಲೆ ಬೈಯಿರಿ. ಮೊದಲು ಸಾಮಾನನ್ನು ಪರೀಕ್ಷೆ ಮಾಡಿ’ ಎಂದರು. ಪರೀಕ್ಷೆಯ ಕ್ರಮವನ್ನೂ ಹೇಳಿಕೊಟ್ಟರು.

ನಾವು ಮಾಡಿದ ಪರೀಕ್ಷೆ

ಮುಂದಿನ ಭಾನುವಾರ ನಾನೂ ತೋಟಕ್ಕೆ ಹೋದೆ. ಮೊದಲು ಸ್ಕೋಪನ್ನು ಹಿಡಿದಿರುವ ಬಳೆಗಳ ತಿರುಪುಗಳು ಸಡಿಲವಾಗಿಲ್ಲ ಎಂದು ನೋಡಿಕೊಂಡೆವು. ಎಷ್ಟೋ ಸಲ ತಪ್ಪು ಇರುವುದು ಅಲ್ಲೇ. ಅನಂತರ ರೈಫಲನ್ನು ಮರಳಿನ ಚೀಲದ ಮೇಲಿಟ್ಟು, ಹತ್ತು ಮೀಟರ್ ದೂರದ ಒಂದೇ ಚುಕ್ಕೆಗೆ ಮಗ ಐದು ಏಟು ಹೊಡೆದ. ತೂತುಗಳು ಚೆಲ್ಲಿದ ಅವಲಕ್ಕಿಯಂತೆ ಹರಡಿದವು. ಸ್ಕೋಪ್ ಬಿಚ್ಚಿ, ರೈಫಲ್ಲಿನದೇ ಕಬ್ಬಿಣದ ಗುರಿಕಣ್ಣಿನಿಂದ ಮತ್ತೆ ಐದು ಹೊಡೆದ. ಐದೂ ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಿಹೋಗುವಂತಿದ್ದವು!

ಮೂರನೆಯದು ಚೌಕದ ಪರೀಕ್ಷೆ. ಸ್ಕೋಪಿನ ಮೇಲೆ ಮತ್ತು ಪಕ್ಕದಲ್ಲಿ ಎರಡು ಗುಂಡಿಗಳಿರುತ್ತವೆ. ತಿರುಗಿಸಿದರೆ ‘ಟಿಕ್ ಟಿಕ್’ ಎನ್ನುತ್ತವೆ. ಸಾಮಾನ್ಯವಾಗಿ ಒಂದು ಟಿಕ್‌ಗೆ ಗುರಿ ನೂರು ಗಜ ದೂರದಲ್ಲಿ ಕಾಲು ಇಂಚು, ಹತ್ತು ಮೀಟರ್ ದೂರದಲ್ಲಿ ಸುಮಾರು 0.7 ಮಿಲಿಮೀಟರ್ ಸರಿಯಬೇಕು. ಒಂದು ಏಟು ಹೊಡೆದು ನಲವತ್ತು ಟಿಕ್ ಮೇಲಕ್ಕೆ, ಇನ್ನೊಂದು ಹೊಡೆದು ನಲವತ್ತು ಬಲಕ್ಕೆ, ಹೀಗೆಯೇ ಕೆಳಕ್ಕೆ, ಕೊನೆಗೆ ಎಡಕ್ಕೆ ತಿರುಗಿಸಿ ಐದನೆಯ ಏಟು ಹೊಡೆಯಬೇಕು. ಕಾಗದದ ಮೇಲೆ ಸುಮಾರು ಮೂರು ಸೆಂಟಿಮೀಟರಿನ ಚೌಕ ಮೂಡಿ, ಕೊನೆಯ ಏಟು ಮೊದಲಿನ ತೂತಿಗೇ ಮರಳಬೇಕು. ನಮ್ಮದು ಎರಡು ಬೆರಳು ದೂರ ಬಿತ್ತು. ಮತ್ತೊಮ್ಮೆ ಮಾಡಿದೆವು, ಮತ್ತೆ ಇನ್ನೆಲ್ಲೋ ಬಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು.

ಕಾರಣವೇನು?

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಷೇಕ್ಸ್‌ಪಿಯರನನ್ನು ಓದಿದ್ದೆನೇ ಹೊರತು ಸ್ಕೋಪಿನ ಕೈಪಿಡಿಯನ್ನಲ್ಲ. ಈಗ ಅದನ್ನೂ ಓದಿದೆ. ಸ್ಪ್ರಿಂಗ್ ಏರ್ ರೈಫಲಿನ ಒಳಗಿನ ಭಾರದ ಕೊಂತ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಕೊಂತ ಕೊನೆ ಮುಟ್ಟಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಕಡೆಯ ಪೆಟ್ಟಿಗೆ ಅಗ್ಗದ ಸ್ಕೋಪಿನ ಒಳಭಾಗಗಳು ಸಡಿಲಾಗುತ್ತವೆ. ಮದ್ದಿನ ಬಂದೂಕಿಗೆಂದು ಮಾಡಿದ ಒಳ್ಳೆಯ ಸ್ಕೋಪುಗಳೂ ಇದರಿಂದ ಕೆಟ್ಟದ್ದುಂಟು. ಆದ್ದರಿಂದ ‘ಸ್ಪ್ರಿಂಗ್ ಏರ್ ರೈಫಲ್‌ಗೆ ತಕ್ಕದ್ದು’ ಎಂದು ತಯಾರಕರೇ ಬರೆದಿದ್ದಾರೆಯೇ ಎಂದು ಮೊದಲು ನೋಡಿ.

ಕೊಳ್ಳುವಾಗ ನೋಡಬೇಕಾದ್ದು

ಸುಲ್ತಾನ್ ಬಜಾರಿನಲ್ಲಿ ಸೀರೆ ಕೊಳ್ಳುವಾಗ ನಾವು ಹೆಂಗಸರು ಬಣ್ಣಕ್ಕೆ ಮರುಳಾಗದೆ, ಅಂಚು ತಿರುವಿ, ಬೆಳಕಿಗೆ ಹಿಡಿದು ನೋಡುತ್ತೇವೆ. ಸ್ಕೋಪನ್ನೂ ಹಾಗೆಯೇ ನೋಡಬೇಕು.

ಮೊದಲನೆಯದು ಸಂಖ್ಯೆ. 4×32 ಎಂದರೆ ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 32 ಮಿಲಿಮೀಟರ್ ಎಂದರ್ಥ. 32ನ್ನು 4ರಿಂದ ಭಾಗಿಸಿದರೆ 8. ಅಷ್ಟು ಮಿಲಿಮೀಟರ್ ಅಗಲದ ಬೆಳಕಿನ ಕಂತೆ ನಿಮ್ಮ ಕಣ್ಣಿಗೆ ಬರುತ್ತದೆ. ಮಗನ 6-24×50 ಸ್ಕೋಪಿನಲ್ಲಿ 24 ಪಟ್ಟಿಗಿಟ್ಟರೆ 50 ಭಾಗಿಸು 24, ಅಂದರೆ ಎರಡು ಮಿಲಿಮೀಟರ್ ಚಿಲ್ಲರೆ ಮಾತ್ರ. ಕಣ್ಣು ಸ್ವಲ್ಪ ಸರಿದರೂ ಕತ್ತಲೆ, ಸಂಜೆಯಾದರೆ ಮಬ್ಬು. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹೆಚ್ಚಾಗಿ ಕಾಣುತ್ತದೆ. ಒಂದೇ ಬೆಲೆಗೆ ಹತ್ತು ಸೌಕರ್ಯ ತುಂಬಿದ್ದಾರೆಂದರೆ ಗಾಜಿಗೂ ಗಟ್ಟಿತನಕ್ಕೂ ಉಳಿದ ದುಡ್ಡು ಎಷ್ಟು? ಕೈಯಲ್ಲಿ ಹಣ ಕಡಿಮೆಯಿದ್ದರೆ ಪಟ್ಟು ಬದಲಾಗದ ಸರಳ ಸ್ಕೋಪೇ ಜಾಣತನ. ಅದರಲ್ಲಿ ಅಲುಗಾಡುವ ಭಾಗಗಳೂ ಕಡಿಮೆ.

ಎರಡನೆಯದು ಗಾಜಿನ ಲೇಪ. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಅಂಥ ಹತ್ತು ಮೈಗಳಿದ್ದರೆ ಮೂರನೆಯ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಎಲ್ಲ ಮೈಗಳಿಗೂ ಹಲವು ಪದರದ ಲೇಪ ಉಂಟೆಂದರ್ಥ. ದೀಪದ ಕೆಳಗೆ ಗಾಜನ್ನು ಓರೆ ಹಿಡಿದು ನೋಡಿ. ಪ್ರತಿಬಿಂಬ ಮಂದವಾಗಿ ಹಸಿರೋ ನೇರಳೆಯೋ ಕಂಡರೆ ಒಳ್ಳೆಯದು. ಬಿಳಿಯಾಗಿ ಕಣ್ಣು ಕೋರೈಸಿದರೆ ಲೇಪವಿಲ್ಲ. ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದು ಹೆಚ್ಚಾಗಿ ನೋಟಕ್ಕೆ ಮಾತ್ರ.

ಮೂರನೆಯದು ಪ್ಯಾರಲಾಕ್ಸ್. ಸ್ಕೂಟರಿನ ಹಿಂದಿನ ಸೀಟಿನಿಂದ ವೇಗದ ಮುಳ್ಳನ್ನು ಓರೆಯಾಗಿ ನೋಡಿದರೆ ಬೇರೆ ಅಂಕಿ ತೋರುವುದಿಲ್ಲವೇ? ಅದೇ ಇದು. ಸ್ಕೋಪನ್ನು ಅಲುಗದಂತಿಟ್ಟು ತಲೆಯನ್ನು ಮಾತ್ರ ಸ್ವಲ್ಪ ಆಡಿಸಿ. ಒಳಗಿನ ಗೆರೆ ಗುರಿಯ ಮೇಲೆ ಜಾರಿದರೆ ಏಟೂ ಜಾರುತ್ತದೆ. ಮದ್ದಿನ ಬಂದೂಕಿನ ಸ್ಕೋಪುಗಳನ್ನು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿರುತ್ತಾರೆ. ಹತ್ತು ಮೀಟರಿನಲ್ಲಿ ಅವು ಮಸುಕು. ಏರ್ ರೈಫಲಿಗೆ ಹತ್ತಿರದ ದೂರಕ್ಕೆ ಹೊಂದಿಸಬಲ್ಲದ್ದೇ ಬೇಕು.

ಇನ್ನು ಸ್ಕೋಪನ್ನು ರೈಫಲಿಗೆ ಕಟ್ಟುವ ಮೊದಲೇ ಮನೆಯಲ್ಲಿ ದೂರದ ಅಂಗಡಿ ಬೋರ್ಡು ಓದಿ ನೋಡಿ. ನಡುವೆ ಸ್ಪಷ್ಟವಿದ್ದು ಅಂಚಿನಲ್ಲಿ ಅಕ್ಷರ ಕದಡಿದರೆ ಗಾಜು ಸಾಧಾರಣದ್ದು. ಪೆಟ್ಟಿಗೆ, ರಶೀದಿ ಎಸೆಯಬೇಡಿ. ಕೊಳವೆಯ ಮೇಲೆ ಬಳೆಯ ಗುರುತು ಬಿದ್ದಿದೆ ಎಂದು ನಮ್ಮ ಸ್ಕೋಪನ್ನು ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತಾಯಿತು.

ಅದಕ್ಕೂ ಮೊದಲಿನ ಪ್ರಶ್ನೆ

ಸ್ಕೋಪ್ ಏತಕ್ಕೆ ಬೇಕು? ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ ಕೇಳಿ: ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ರೈಫಲಿನಲ್ಲಿ ರೈಫಲ್ ಮೇಲೆ ದುರ್ಬೀನು ಕೂರಿಸುವಂತೆಯೇ ಇಲ್ಲ. ಸಣ್ಣ ರಂಧ್ರದ ಗುರಿಕಣ್ಣು ಮಾತ್ರ. ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ, 2012ರಲ್ಲಿ ಲಂಡನ್‌ನಲ್ಲಿ ನಮ್ಮ ಹೈದರಾಬಾದಿನಲ್ಲೇ ಬೆಳೆದ ಗಗನ್ ನಾರಂಗ್ ಕಂಚು ಗೆದ್ದದ್ದೂ ಹೀಗೆಯೇ. ಅಂಥ ದಾರಿ ಹಿಡಿಯುವವರು ಸ್ಕೋಪಿನ ದುಡ್ಡನ್ನು ತರಬೇತಿಗೆ ಹಾಕುವುದು ಮೇಲು.

ತಾಯಿಯಾಗಿ ಇನ್ನೆರಡು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚಿನ, 20 ಜೂಲ್ ಮೀರದ ಏರ್ ರೈಫಲಿಗೆ ಪರವಾನಗಿ ಬೇಡ. ಹಾಗೆಂದು ಅದು ಆಟಿಕೆಯಲ್ಲ. ಮಹಡಿಯ ಮೇಲೆ ನಿಂತು ಹೊಡೆಯಬೇಡಿ, ಹಕ್ಕಿಪಕ್ಷಿಗಳ ಗೊಡವೆ ಬೇಡ. ಕಾಡುಪ್ರಾಣಿ, ಪಕ್ಷಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಕಣ್ಣಿಗೆ ರಕ್ಷಣೆಯ ಕನ್ನಡಕವಿರಲಿ. ರೈಫಲಿಗೆ ಕೂರಿಸಿದ ಸ್ಕೋಪಿನಿಂದ ಯಾರನ್ನೂ ನೋಡಬೇಡಿ, ಏಕೆಂದರೆ ನೀವು ನೋಡಿದ ಕಡೆಗೇ ನಳಿಗೆಯೂ ತಿರುಗಿರುತ್ತದೆ. ಸೂರ್ಯನ ಕಡೆಗಂತೂ ಸ್ಕೋಪನ್ನು ಎತ್ತಲೇಬೇಡಿ.

ಮಗ ಈಗ ಅಜ್ಜನ ದುಡ್ಡಿನಲ್ಲಿ ಉಳಿದದ್ದಕ್ಕೆ ತನ್ನ ಕೈಖರ್ಚಿನದನ್ನೂ ಸೇರಿಸಿ ಸರಳವಾದ 4×32 ಸ್ಕೋಪೊಂದನ್ನು ಕೊಂಡಿದ್ದಾನೆ. ಚೌಕದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಯಿತು. ಆ ಕಾಗದವನ್ನು ಮಡಿಚಿ ರಾಯಚೂರಿಗೆ ಅಂಚೆಯಲ್ಲಿ ಕಳಿಸಿದ. ಅಜ್ಜ ಅದನ್ನು ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರಂತೆ.

ಮಿತ್ರರೇ, ಸೋತಾಗ ಸಾಮಾನನ್ನು ದೂರುವುದು ಸುಲಭ, ತನ್ನನ್ನೇ ಹಳಿದುಕೊಳ್ಳುವುದು ಇನ್ನೂ ಸುಲಭ. ಎರಡಕ್ಕೂ ಮೊದಲು ಒಂದು ಸಲ ಅಳೆದು ನೋಡಿ. ಮೊನ್ನೆ ಭಾನುವಾರ ಮಗನ ಐದು ಏಟಿನಲ್ಲಿ ಎರಡು ತಪ್ಪಿದವು. ನಾನು ಬಾಯಿ ತೆರೆಯುವ ಮೊದಲೇ ಅವನು ನಕ್ಕು ಹೇಳಿದ: ‘ಈ ಸಲ ನೆಲ ಡೊಂಕಿಲ್ಲಮ್ಮಾ, ನಾನೇ ಕುಣಿಯೋದು ಕಲೀಬೇಕು.’