ಉಳುವವನು ಅಂದರೆ ಯಾರು?

ಪಹಣಿಯನ್ನೂ ಕಾದಂಬರಿಯ ಹಾಗೆ ವಿಮರ್ಶೆಯ ಕಣ್ಣಲ್ಲಿ ಓದಬೇಕು ಅನ್ನೋದು ನನ್ನ ವಾದ. 9ನೇ ಕಾಲಂ ಒಡೆಯನದು, 12ನೆಯದು ಸಾಗುವಳಿದಾರನದು. 1951ರಲ್ಲಿ ಕಾಗೋಡಿನಲ್ಲಿ ಎದ್ದು ನಿಂತವರು ಗೇಣಿದಾರರು. 1974ರ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಅಂದದ್ದೂ ಅವರಿಗೇ. ಕೂಲಿಗೆ, ಜೀತಕ್ಕೆ ಉತ್ತ ದಲಿತ ಕಾನೂನಿನ ಲೆಕ್ಕದಲ್ಲಿ ಉಳುವವನೇ ಅಲ್ಲ. ಆಳಿನ ಕೈಲಿ ಮಾಡಿಸಿದ್ದೂ ಒಡೆಯನ ‘ಸ್ವಂತ ಸಾಗುವಳಿ’!

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೊಪ್ಪಿನಬೆಟ್ಟದ ಕತೆಯೂ ಇದೇ: ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ಅಡಿಕೆ ತೋಟದವರದು. ತೋಟವಿಲ್ಲದವನಿಗೆ ಸೊಪ್ಪೂ ಇಲ್ಲ.

ನಮಗೆ ಉಳಿದದ್ದು ಸರ್ಕಾರ ಮಂಜೂರು ಮಾಡಿದ ತುಂಡು ನೆಲ. ಅನುಮತಿಯಿಲ್ಲದೆ ಅದನ್ನು ಯಾರಿಗೆ ಬರೆದುಕೊಟ್ಟರೂ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ಅನೂರ್ಜಿತ. ವಾಪಸು ಕೇಳಲು ಕಾಲಮಿತಿಯಿಲ್ಲ ಅಂತ 2023ರ ತಿದ್ದುಪಡಿ ಹೇಳಿದೆ. ಮಂಜೂರಾತಿ ಪತ್ರ ಜೋಪಾನ ಕಣ್ರಪ್ಪಾ.